ಇನ್‌ಹೇಲರ್ ಎಳೆದರೂ ಉಸಿರು ಕಟ್ಟುತ್ತದೆ, ವೋಕಲ್ ಕಾರ್ಡ್ (ಧ್ವನಿತಂತು) ತೊಂದರೆ ಅಂದಿದ್ದಾರೆ. ಇದರ ಜೊತೆ ಹೇಗೆ ಬದುಕುತ್ತೀರಿ?

ಮೊದಲು ಒಂದು ಗಮನಿಸಿ. ನಿಮಗೆ ಉಸಿರು ಒಳಗೆ ಎಳೆಯುವಾಗ ಕಟ್ಟುತ್ತದೋ, ಬಿಡುವಾಗಲೋ? ಅಸ್ತಮಾದಲ್ಲಿ ಸಾಮಾನ್ಯವಾಗಿ ಬಿಡುವುದು ಕಷ್ಟ, ಸದ್ದು ಎದೆಯಲ್ಲಿ. ನನಗಿರುವ ಈ ಧ್ವನಿತಂತು ತೊಂದರೆಯಲ್ಲಿ ಎಳೆಯುವುದೇ ಕಷ್ಟ, ಸದ್ದು ಗಂಟಲಲ್ಲಿ. ಉಸಿರಿಗೆ ದಾರಿ ಬಿಡಬೇಕಾದ ಧ್ವನಿತಂತುಗಳು ಆಗಲೇ ಮುಚ್ಚಿಕೊಳ್ಳುತ್ತವೆ.

ಇಷ್ಟು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಸೀಸನ್ ಬಂತೆಂದರೆ ಹೊಟ್ಟಿನ ಧೂಳು ನನ್ನ ಟೇಬಲ್ ತನಕ. ಹಾಗಾಗಿ ಎಲ್ಲರೂ ಧೂಳಿನ ಅಸ್ತಮಾ ಅಂದರು. ಒಂದು ರಾತ್ರಿ ಕ್ಯಾಶುವಾಲ್ಟಿಯಲ್ಲಿ ಒದ್ದಾಡುತ್ತಿದ್ದೆ, ಬೆರಳಿನ ಮಷೀನ್ ಮಾತ್ರ 98 ತೋರಿಸುತ್ತಿತ್ತು. ‘ಟೆನ್ಶನ್ ಮಾಡ್ಕೋಬ್ಯಾಡ್ರಿ, ಏನೂ ಆಗಿಲ್ಲ’ ಅಂತ ಕಳಿಸಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಆಕ್ಸಿಜನ್ ಸರಿ ಇದ್ದರೂ ಗಂಟಲು ಕಟ್ಟುವುದು ಸುಳ್ಳಲ್ಲ.

ಆಮೇಲೆ ಇಎನ್‌ಟಿ ಡಾಕ್ಟರ್ ಮೂಗಿನಿಂದ ತೆಳ್ಳನೆಯ ಕ್ಯಾಮೆರಾ ಇಳಿಸಿ ನೋಡಿದರು. ಎಲ್ಲಾ ನಾರ್ಮಲ್! ಮೆಟ್ಟಿಲು ಹತ್ತಿಳಿಸಿ, ಕಟ್ಟಿದಾಗಲೇ ಇನ್ನೊಮ್ಮೆ ನೋಡಿದ ಮೇಲೆ ಸಿಕ್ಕಿತು.

ನನಗೆ ಜಾಸ್ತಿ ಉಪಯೋಗ ಆಗಿದ್ದು ಸ್ಪೀಚ್ ಥೆರಪಿಸ್ಟ್‌ರಿಂದ. ಮಾತು ಸರಿ ಇದೆಯಲ್ಲಾ, ಅಲ್ಲಿಗ್ಯಾಕೆ ಅಂತ ಮೊದಲು ನಕ್ಕಿದ್ದೆ. ಮಲ್ಲಿಗೆ ಮೂಸಿದ ಹಾಗೆ ಮೂಗಿನಿಂದ ಎರಡು ಸಲ ಚಿಕ್ಕದಾಗಿ ಎಳೆಯಬೇಕು. ತುಟಿ ಸಣ್ಣ ಮಾಡಿ ‘ಸ್ಸ್’ ಅಂತ ನಿಧಾನ ಬಿಡಬೇಕು. ಭುಜ, ನಾಲಿಗೆ ಎರಡೂ ಸಡಿಲ. ಕಟ್ಟಿದಾಗ ಕಲಿಯುತ್ತೇನೆ ಅಂದರೆ ಆಗುವುದಿಲ್ಲ, ಆರಾಮಾಗಿ ಇರುವಾಗಲೇ ರೂಢಿ ಆಗಬೇಕು. ನಾನು ರೊಟ್ಟಿ ಬಡಿಯುವಾಗ ಮಾಡುತ್ತೇನೆ, ಬಡಿತಕ್ಕೆ ತಾಳ ಕೂಡುತ್ತದೆ.

ನನಗೆ ಆಗದವು ಅಂದರೆ ಮೆಣಸಿನಕಾಯಿ ಒಗ್ಗರಣೆಯ ಘಾಟು, ಲೋಬಾನದ ಹೊಗೆ, ಸೆಂಟು. ರಾತ್ರಿ ಮಿರ್ಚಿ ತಿಂದು ಕೂಡಲೇ ಮಲಗಿದರೂ ಹುಳಿ ತೇಗು ಮೇಲೆ ಬಂದು ಗಂಟಲು ಕೆರಳುತ್ತದೆ. ಮಿರ್ಚಿ ಪೂರ್ತಿ ಬಿಟ್ಟಿಲ್ಲ, ಸಂಜೆ ಆರರೊಳಗೆ ಮುಗಿಸುತ್ತೇನೆ. ಶರಣಬಸವೇಶ್ವರ ಜಾತ್ರೆಗೂ ಹೋಗುತ್ತೇನೆ, ತೇರಿನ ಹತ್ತಿರ ಮಾತ್ರ ನಿಲ್ಲುವುದಿಲ್ಲ.

ಇದನ್ನು ಓದಿ ಇನ್‌ಹೇಲರ್ ಬಿಡಬೇಡಿ. ಎಷ್ಟೋ ಜನರಿಗೆ ಅಸ್ತಮಾನೂ ಜೊತೆಗಿರುತ್ತದೆ. ಥೈರಾಯ್ಡ್ ಆಪರೇಷನ್ ಆದ ಮೇಲೆ ಶುರುವಾಗಿದ್ದರೆ ಅದು ನರಕ್ಕೆ ಪೆಟ್ಟಾಗಿ ಧ್ವನಿತಂತು ಅಲುಗಾಡದ ತೊಂದರೆಯೂ ಇರಬಹುದು, ಅದರ ಚಿಕಿತ್ಸೆ ಬೇರೆ. ತುಟಿ ನೀಲಿಯಾದರೆ ಕಸರತ್ತು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ.

ಇನ್ನು ಸುತ್ತಲಿನ ಮಂದಿ. ಕಟ್ಟಿದ ಕೂಡಲೇ ಮುತ್ತಿಕೊಂಡು ‘ಏನಾಯ್ತವ್ವಾ, ನೀರು ಕುಡಿ’ ಅನ್ನುತ್ತಾರೆ. ಪಾಪ, ಕಾಳಜಿಯೇ, ಆದರೆ ಉತ್ತರ ಕೊಡಲು ಉಸಿರೆಲ್ಲಿ? ಅದಕ್ಕೇ ಮಿಲ್‌ನಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ, ನಾನು ಕೈ ಎತ್ತಿದರೆ ಮಾತಾಡಿಸಬೇಡಿ ಅಂತ. ಈಗ ನಮ್ಮ ಹಮಾಲ ಅಣ್ಣ ಒಬ್ಬರೇ ಸಾಕು, ‘ಬಾಜೂಕ ಸರೀರಿ, ಅಕ್ಕಾರು ಉಸಿರು ಎಣಸಲಕತ್ತಾರ’ ಅಂತ ಎಲ್ಲರನ್ನೂ ಗದರಿಸಿ ಕಳಿಸುತ್ತಾರೆ.