ಬೇಸ್ ಗಿಟಾರ್‌ಗೆ ಮರಳುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಯೌವನದಲ್ಲಿ ಗೆಳೆಯರ ತಂಡವೊಂದರಲ್ಲಿ ಆರೇಳು ವರ್ಷ ಬೇಸ್ ಗಿಟಾರ್ ನುಡಿಸುತ್ತಿದ್ದೆ. ಉದ್ಯೋಗ, ಸಂಸಾರಗಳ ನಡುವೆ ಅದು ಬಿಟ್ಟುಹೋಗಿ ಇಪ್ಪತ್ತು ವರ್ಷಗಳ ಮೇಲಾಯಿತು. ಈಗ ನಲವತ್ತೆಂಟರ ವಯಸ್ಸಿನಲ್ಲಿ ಹಳೆಯ ವಾದ್ಯವನ್ನೇ ಹೊರತೆಗೆದಿದ್ದೇನೆ. ಆಗ ನುಡಿಸುತ್ತಿದ್ದುದೆಲ್ಲ ತಲೆಯಲ್ಲಿ ಸ್ಪಷ್ಟವಾಗಿದೆ, ಆದರೆ ಬೆರಳುಗಳು ಮಾತು ಕೇಳುತ್ತಿಲ್ಲ. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಎಡಗೈ ಮಣಿಕಟ್ಟು ನೋಯತೊಡಗುತ್ತದೆ. ಮತ್ತೆ ಮೊದಲಿನಿಂದ ಕಲಿಯಬೇಕೇ?

ಉತ್ತರ: ಮೊದಲಿನಿಂದ ಕಲಿಯಬೇಕಾಗಿಲ್ಲ. ಆದರೆ ಕೈಯನ್ನು ದೂರುವ ಮುನ್ನ ವಾದ್ಯವನ್ನು ಪರೀಕ್ಷಿಸಿ. ಸಾಮಾನ್ಯ ದಪ್ಪದ ನಾಲ್ಕು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವು ಒಟ್ಟಾಗಿ ನೆಕ್‌ನ (ವಾದ್ಯದ ಉದ್ದನೆಯ ಕತ್ತಿನ) ಮೇಲೆ 75ರಿಂದ 80 ಕಿಲೋ ತೂಕದಷ್ಟು ಸೆಳೆತ ಹಾಕುತ್ತವೆ. ಇಷ್ಟು ಸೆಳೆತದಲ್ಲಿ ವರ್ಷಗಟ್ಟಲೆ ನಿಂತ ಮರ ಸ್ವಲ್ಪ ಬಾಗಿರುತ್ತದೆ, ತಂತಿಗಳು ಫ್ರೆಟ್‌ಗಳಿಂದ (ನೆಕ್‌ಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಿಂದ) ಮೇಲೆದ್ದಿರುತ್ತವೆ, ಒತ್ತುವುದಕ್ಕೆ ಮೊದಲಿಗಿಂತ ಹೆಚ್ಚು ಬಲ ಬೇಕಾಗುತ್ತದೆ. ವಯಸ್ಸಾಯಿತೆಂದು ಮರುಗುವ ಎಷ್ಟೋ ಮಂದಿಗೆ ನಿಜವಾಗಿ ಆಗಬೇಕಾದದ್ದು ಈ ರಿಪೇರಿ ಮಾತ್ರ.

ಪರೀಕ್ಷೆ ಸುಲಭ. ಯಾವುದಾದರೂ ತಂತಿಯನ್ನು ಮೊದಲ ಫ್ರೆಟ್‌ನಲ್ಲಿಯೂ ಕೊನೆಯ ಫ್ರೆಟ್‌ನಲ್ಲಿಯೂ ಒಟ್ಟಿಗೆ ಒತ್ತಿ ಹಿಡಿದು, ಎಂಟನೆಯ ಫ್ರೆಟ್‌ನ ಬಳಿ ತಂತಿಯ ಕೆಳಗಿನ ಸಂದನ್ನು ನೋಡಬೇಕು. ಅದು 0.3 ಮಿ.ಮೀ. ಆಸುಪಾಸಿನಲ್ಲಿರಬೇಕು, ಅಂದರೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು. ಸಂದು ಅದಕ್ಕಿಂತ ಬಹಳ ಹೆಚ್ಚಿದ್ದರೆ ನೆಕ್‌ನ ಒಳಗಿದ್ದು ಅದರ ಬಾಗನ್ನು ಹಿಡಿದಿಡುವ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಬಿಗಿಗೊಳಿಸಬೇಕಾಗುತ್ತದೆ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಮತ್ತೆ ಶ್ರುತಿ ಮಾಡಿ ಅಳೆದು ಮುಂದುವರಿಯಬೇಕು. ತಿರುಪು ಅಲುಗದಿದ್ದರೆ ಬಲ ಹಾಕದೆ ಗಿಟಾರ್ ರಿಪೇರಿ ಬಲ್ಲವರಿಗೆ ಒಪ್ಪಿಸುವುದೇ ಲೇಸು. ಅನಂತರ ಬ್ರಿಡ್ಜ್‌ನಲ್ಲಿ (ವಾದ್ಯದ ಒಡಲ ಮೇಲೆ ತಂತಿಗಳನ್ನು ಹೊರುವ ಭಾಗದಲ್ಲಿ) ತಂತಿಗಳ ಎತ್ತರವನ್ನು ಹೊಂದಿಸುವಾಗ, ಹದಿನೇಳನೆಯ ಫ್ರೆಟ್‌ನ ಮೇಲೆ ದಪ್ಪನೆಯ ಇ ತಂತಿ ಸುಮಾರು 2.5 ಮಿ.ಮೀ., ತೆಳ್ಳನೆಯ ಜಿ ತಂತಿ 2 ಮಿ.ಮೀ. ಎತ್ತರದಲ್ಲಿದ್ದರೆ ಹೆಚ್ಚಿನವರಿಗೆ ಹಿತವಾಗುತ್ತದೆ. ಹಳೆಯ ತಂತಿಗಳನ್ನು ಮಾತ್ರ ಯೋಚಿಸದೆ ಬದಲಿಸಿ. ವಾದ್ಯದೊಳಗೆ 9 ವೋಲ್ಟ್ ಬ್ಯಾಟರಿ ಇರುವ ಮಾದರಿಯಾಗಿದ್ದರೆ ಅದು ಸೋರಿ ಸಂಪರ್ಕಗಳನ್ನು ಕೆಡಿಸಿರಬಹುದು, ಅದನ್ನೂ ತೆರೆದು ನೋಡಿ.

ಇನ್ನು ಕೈಯ ವಿಷಯ. ಒಮ್ಮೆ ಕಲಿತು ಮರೆತದ್ದನ್ನು ಮರಳಿ ಕಲಿಯಲು ಮೊದಲ ಸಲಕ್ಕಿಂತ ಕಡಿಮೆ ಸಮಯ ಸಾಕೆಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ಕೈಗೆ ರೂಢಿಯಾದ ಚಲನೆಗಳ ನೆನಪಾದರೋ ಅದಕ್ಕಿಂತಲೂ ಗಟ್ಟಿಯಾದದ್ದು. ತೊಂದರೆ ಇರುವುದೂ ಅಲ್ಲಿಯೇ. ನೆನಪು ಕೆಲವೇ ದಿನಗಳಲ್ಲಿ ಮರಳುತ್ತದೆ, ಬೆರಳ ತುದಿಯ ಜಡ್ಡುಗಟ್ಟಿದ ಚರ್ಮ ಮರಳಲು ಕೆಲವು ವಾರಗಳು ಬೇಕು, ಸ್ನಾಯುಗಳನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳು ಹೊರೆಗೆ ಒಗ್ಗಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಹೊಸದಾಗಿ ಕಲಿಯುವವನಿಗೆ ತನ್ನ ಅಜ್ಞಾನವೇ ರಕ್ಷಣೆ, ಏಕೆಂದರೆ ಕಷ್ಟದ ಭಾಗವನ್ನು ಅವನು ಪ್ರಯತ್ನಿಸುವುದೇ ಇಲ್ಲ. ನೀವಾದರೋ ಏನು ನುಡಿಸಬೇಕೆಂದು ಬಲ್ಲಿರಾದ್ದರಿಂದ, ಸಿದ್ಧವಾಗದ ಕೈಯಿಂದ ಅದನ್ನು ಬಲವಂತವಾಗಿ ಹೊರಡಿಸಲು ಹೋಗುತ್ತೀರಿ. ಮರಳಿ ಬರುವವರು ಕೈ ನೋಯಿಸಿಕೊಳ್ಳುವುದು ಬಹುತೇಕ ಹೀಗೆಯೇ. ಮೊದಲ ತಿಂಗಳು ದಿನಕ್ಕೆ ಹತ್ತು ಹತ್ತು ನಿಮಿಷಗಳಂತೆ ಎರಡು ಮೂರು ಸಲ ಸಾಕು. ಭಾನುವಾರ ಮೂರು ಗಂಟೆ ಕುಳಿತು ವಾರದ ಬಾಕಿಯನ್ನೆಲ್ಲ ತೀರಿಸುವ ಪದ್ಧತಿ ಬೇಡವೇ ಬೇಡ.

ಮಣಿಕಟ್ಟಿನ ನೋವಿಗೆ ಇನ್ನೊಂದು ಕಾರಣವೂ ಇರಬಹುದು. ಬೇಸ್ ಗಿಟಾರ್‌ನ ಸಾಮಾನ್ಯ ತಂತಿಯಳತೆ, ಅಂದರೆ ತಂತಿಯ ಕಂಪಿಸುವ ಭಾಗದ ಉದ್ದ, 34 ಇಂಚು. ಆ ಅಳತೆಯಲ್ಲಿ ಮೊದಲ ಫ್ರೆಟ್‌ನಿಂದ ನಾಲ್ಕನೆಯ ಫ್ರೆಟ್‌ವರೆಗಿನ ಅಂತರ 13 ಸೆ.ಮೀ.ಯಷ್ಟಾದರೆ, ಐದರಿಂದ ಎಂಟರವರೆಗೆ ಅದು 10 ಸೆ.ಮೀ.ಗೆ ಇಳಿಯುತ್ತದೆ. ಒಂದೊಂದು ಫ್ರೆಟ್‌ಗೆ ಒಂದೊಂದು ಬೆರಳು ಎಂಬ ನಿಯಮವನ್ನು ವಾದ್ಯದ ತಲೆಯ ಹತ್ತಿರದ ಫ್ರೆಟ್‌ಗಳಲ್ಲಿಯೂ ಪಾಲಿಸಲು ಹೋದರೆ, ಕೈಯನ್ನು ಅಗಲಿಸುವ ಭರದಲ್ಲಿ ಮಣಿಕಟ್ಟು ಮಡಚಿಕೊಳ್ಳುತ್ತದೆ. ಅಲ್ಲಿ ಡಬಲ್ ಬೇಸ್ (ನಿಲ್ಲಿಸಿ ನುಡಿಸುವ, ಪಿಟೀಲು ಜಾತಿಯ ದೊಡ್ಡ ವಾದ್ಯ) ವಾದಕರಂತೆ ತೋರುಬೆರಳು, ನಡುಬೆರಳು, ಕಿರುಬೆರಳುಗಳಿಂದ ಮೂರೇ ಫ್ರೆಟ್‌ಗಳನ್ನು ಹಿಡಿದು, ಉಂಗುರಬೆರಳು ಕಿರುಬೆರಳಿಗೆ ಆಸರೆ ಕೊಡುವಂತೆ ಇಟ್ಟು, ನಾಲ್ಕನೆಯ ಫ್ರೆಟ್ ಬೇಕಾದಾಗ ಇಡೀ ಕೈಯನ್ನೇ ಸರಿಸಿ. ಐದನೆಯ ಫ್ರೆಟ್ ದಾಟಿದ ಮೇಲೆ ನಾಲ್ಕೂ ಬೆರಳುಗಳ ಕ್ರಮಕ್ಕೆ ಬರಬಹುದು. ಕುಳಿತಾಗಲೂ ನಿಂತಾಗಲೂ ವಾದ್ಯ ಒಂದೇ ಎತ್ತರದಲ್ಲಿರುವಂತೆ ಸ್ಟ್ರಾಪನ್ನು ಹೊಂದಿಸಿಕೊಳ್ಳಿ. ವಾದ್ಯವನ್ನು ತೊಡೆಯವರೆಗೆ ಇಳಿಬಿಡುವ ಯೌವನದ ಠೀವಿ ಈಗ ಮಣಿಕಟ್ಟಿಗೆ ದುಬಾರಿ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಕಾಣಿಸಿಕೊಂಡರೆ, ಅಥವಾ ವಿಶ್ರಾಂತಿಯ ಮೇಲೂ ನೋವು ಉಳಿದರೆ, ನುಡಿಸುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ನಾನೂ ಬಹುಕಾಲದ ನಂತರ ಬೇಸ್ ಹಿಡಿದಿದ್ದೇನೆ. ಮೊದಲಿನ ವೇಗ ಬರುತ್ತಿಲ್ಲ. ಅದನ್ನು ಮರಳಿ ಪಡೆಯಲು ಯಾವ ಅಭ್ಯಾಸ ಮಾಡಬೇಕು?

ಉತ್ತರ: ವೇಗವನ್ನು ಸದ್ಯ ಬದಿಗಿಡಿ ಎನ್ನುವುದೇ ನಮ್ಮ ಸಲಹೆ. ಅರವತ್ತರ ದಶಕದಲ್ಲಿ ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದರು. ಬೇಸ್ ವಾದಕನನ್ನು ತಂಡ ನೆಚ್ಚಿಕೊಳ್ಳುವುದು ಅವನ ಲಯಕ್ಕಾಗಿ, ಮತ್ತು ಪ್ರತಿಯೊಂದು ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಮುಗಿಯಬೇಕು ಎಂಬ ಅವನ ತೀರ್ಮಾನಕ್ಕಾಗಿ. ವರ್ಷಗಳ ಅಂತರದಲ್ಲಿ ಗಮನಕ್ಕೆ ಬಾರದಂತೆ ಸಡಿಲವಾಗಿರುವುದು ಇವೆರಡೇ.

ಸಮಗತಿಯಲ್ಲಿ ಬಡಿಯುವ ಮೆಟ್ರೊನೋಮ್ ಯಂತ್ರವನ್ನು ನಿಮಿಷಕ್ಕೆ 40 ಬಡಿತಕ್ಕೆ ಇಟ್ಟು, ಆ ಬಡಿತಗಳನ್ನು ನಾಲ್ಕು ಎಣಿಕೆಯ ಆವರ್ತದ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳೆಂದು ಭಾವಿಸಿ, ಒಂದೇ ಸ್ವರವನ್ನು 80ರ ಗತಿಯಲ್ಲಿ ನುಡಿಸಿ. ಮೊದಲನೆಯ ಮತ್ತು ಮೂರನೆಯ ಎಣಿಕೆಗಳನ್ನು ಯಂತ್ರ ಹೇಳಿಕೊಡುವುದಿಲ್ಲವಾದ್ದರಿಂದ ನೀವು ಓಡುತ್ತಿದ್ದೀರೋ ಎಳೆಯುತ್ತಿದ್ದೀರೋ ಎಂಬುದು ಬೇಗನೆ ಬಯಲಾಗುತ್ತದೆ. ಇದನ್ನು ಫೋನಿನಲ್ಲಿ ಮುದ್ರಿಸಿಕೊಂಡು, ಮರುದಿನ ಕೇಳಿ. ನುಡಿಸುವಾಗ ಕಿವಿಗೆ ಬೀಳದಿದ್ದ ಎಷ್ಟೋ ದೋಷಗಳು, ಮುಖ್ಯವಾಗಿ ಮೀಟದ ತಂತಿಗಳು ಅನುರಣಿಸುವ ಗುಂಯ್‌ಗುಡುವಿಕೆ, ಆಗ ಕೇಳಿಸುತ್ತವೆ. ಆ ತಂತಿಗಳನ್ನು ಎರಡೂ ಕೈಗಳ ಬಿಡುವಿರುವ ಬೆರಳುಗಳಿಂದ ಮೆಲ್ಲಗೆ ತಡೆಹಿಡಿಯುವುದನ್ನೂ ಅಭ್ಯಾಸದ ಭಾಗವನ್ನಾಗಿಸಿಕೊಳ್ಳಿ. ಇದು ಬೇಸರದ ಕೆಲಸವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದ್ದರಿಂದ ಇಷ್ಟು ಹಿಡಿತಕ್ಕೆ ಬಂದೊಡನೆ ಡ್ರಮ್ ನುಡಿಸುವವರೊಬ್ಬರನ್ನು ಹುಡುಕಿಕೊಳ್ಳಿ. ಬೇಸ್ ಸ್ವರವನ್ನು ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ನ ಏಟಿನ ಮೇಲೆ ಕೂರಿಸುವ ಜಾಣ್ಮೆಯನ್ನು ಒಂಟಿಯಾಗಿ ಕುಳಿತು ಮರಳಿ ಪಡೆಯಲು ಸಾಧ್ಯವಿಲ್ಲ.

ಪ್ರಶ್ನೆ: ಮನೆಯಲ್ಲಿ ಚಿಕ್ಕ ಆ್ಯಂಪ್ (ಧ್ವನಿವರ್ಧಕ) ಇದೆ. ಇ ತಂತಿ ಸರಿಯಾಗಿ ಕೇಳಿಸುವುದಿಲ್ಲ. ಹೊಸ ವಾದ್ಯವನ್ನೇ ಕೊಳ್ಳಲೇ?

ಉತ್ತರ: ಬೇಡ. ತೆರೆದ ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41 ಸಲ, ಅಷ್ಟು ಕೆಳಗಿನ ನಾದವನ್ನು ಚಿಕ್ಕ ಸ್ಪೀಕರ್ ಹೊರಡಿಸಲಾರದು. ಹಾಗೆ ಕೇಳಿಸದಾದಾಗ ಬಲಗೈ ತಾನಾಗಿಯೇ ಬಿರುಸಾಗಿ ಮೀಟತೊಡಗುತ್ತದೆ, ಎಡಗೈಯೂ ಅದರ ಜೊತೆಗೆ ಬಿಗಿಯಾಗುತ್ತದೆ. ಮನೆಯ ಅಭ್ಯಾಸಕ್ಕೆ ಒಳ್ಳೆಯ ಹೆಡ್‌ಫೋನ್ ಬಳಸಿ, ಧ್ವನಿಯನ್ನು ಮಿತದಲ್ಲಿಟ್ಟು, ಮೆಲ್ಲಗೆ ಮೀಟಿ. ಕೈ ಚಿಕ್ಕದಾಗಿದ್ದು 34 ಇಂಚಿನ ವಾದ್ಯದಲ್ಲಿ ಎಷ್ಟು ಹೊಂದಿಸಿದರೂ ನೋವು ತಪ್ಪದಿದ್ದರೆ ಮಾತ್ರ 30 ಇಂಚಿನ ಮಾದರಿಯನ್ನು ಎರವಲು ತಂದು ನುಡಿಸಿ ನೋಡಿ. ಅದರಲ್ಲಿ ಮೊದಲ ನಾಲ್ಕು ಫ್ರೆಟ್‌ಗಳ ಅಗಲ ಸುಮಾರು ಒಂದೂವರೆ ಸೆ.ಮೀ. ಕಡಿಮೆಯಾಗುತ್ತದೆ, ಅದೇ ದಪ್ಪದ ತಂತಿಗಳ ಬಿಗಿಯೂ ಇಳಿಯುತ್ತದೆ.