ಬೀಗ ಹಾಕಿದೋರು ಯಾರು ಅಂತ ಕೇಳೋದು ತಪ್ಪಾ ಮೇಷ್ಟ್ರೇ?

ಮದ್ದೂರಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟ ಕಾಗದ ಬರೆದಿದ್ದಾರೆ. ಮೈಸೂರಿನ ಕಿರುರಂಗಮಂದಿರದಲ್ಲಿ ಕಾಲೇಜು ಹುಡುಗ್ರು ಆಡಿದ ಹ್ಯಾಕರ್‌ಗಳ ನಾಟಕ ನೋಡಿ ಅವ್ರಿಗೆ ತುಂಬಾ ಬೇಜಾರಾಗಿದೆ. "ಕಂಪನಿ ಕಂಪ್ಯೂಟರಿಗೆ ನುಗ್ಗೋ ಕಳ್ಳರನ್ನ ಹೀರೋ ಮಾಡವ್ರೆ, ಇಂಜಿನಿಯರಿಂಗ್ ಓದೋ ಮಕ್ಕಳು ಇದ್ರಿಂದ ಏನ್ ಕಲೀಬೇಕು? ನಮ್ಮ ಮಣ್ಣಿನ ಕತೆ ಯಾವ್ದೂ ಸಿಗಲಿಲ್ವಾ?" ಅಂತ ಕೇಳಿದ್ದಾರೆ.

ಮೇಷ್ಟ್ರೇ, ಕದ್ದು ನುಗ್ಗೋದು ಅಪರಾಧಾನೇ, ಒಪ್ತೀನಿ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ, ಬಡವರ ಬ್ಯಾಂಕ್ ಖಾತೆ ಬಳಿಯೋನಿಗೆ ಅದೂ ಕಮ್ಮಿನೇ. ಆದ್ರೆ ನಾಲ್ಕು ಪುಟದಲ್ಲಿ ಆ ಸುರುಳಿ ಸೀನ್ ಬಗ್ಗೆ ಒಂದಕ್ಷರಾನೂ ಇಲ್ವಲ್ಲ! ಆ ಹುಡುಗಿ ಆ್ಯಪ್‌ನ ಷರತ್ತುಗಳನ್ನ ಕನ್ನಡದಲ್ಲಿ ಗಟ್ಟಿಯಾಗಿ ಓದ್ತಾ ಹೋದಂಗೆ ಪೇಪರ್ ಸುರುಳಿ ಬಿಚ್ಕೊಂಡು ಸ್ಟೇಜಿಂದ ಇಳಿದು ಮೂರನೇ ಸಾಲಿಗೆ ಬಂತು, ನನ್ನ ಪಕ್ಕ ಕೂತಿದ್ದ ಅಜ್ಜಿ ತುದಿ ಹಿಡ್ಕೊಂಡು "ಇಷ್ಟಕ್ಕೆಲ್ಲ ನಾನ್ ಯಾವಾಗವ್ವಾ ಒಪ್ಕಂಡೆ?" ಅಂದ್ರು. ಹುಡುಗಿ ಡೈಲಾಗ್ ನಿಲ್ಲಿಸಿ ಅವರನ್ನೇ ನೋಡ್ತಾ ನಿಂತ್ಬಿಟ್ಲು. ನಲವತ್ತು ವರ್ಷದಿಂದ ನಾಟಕ ನೋಡ್ತಿದೀನಿ, ಅಂಥ ಮೌನ ಕೇಳಿದ್ದು ಕಮ್ಮಿ.

ನೀವು ಕಳ್ಳರು ಅಂದ್ರಲ್ಲ, ಆರನ್ ಸ್ವಾರ್ಟ್ಜ್ ಅಂತ ಅಮೆರಿಕದ ಹುಡುಗ ಇದ್ದ. ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದ ನೆಟ್‌ವರ್ಕ್ ಬಳಸಿ ಜೆಸ್ಟೋರ್ ಅನ್ನೋ ಭಂಡಾರದಿಂದ ಲಕ್ಷಗಟ್ಟಲೆ ಸಂಶೋಧನಾ ಲೇಖನ ಇಳಿಸ್ಕೊಂಡ, 2011ರಲ್ಲಿ ಅರೆಸ್ಟ್ ಆದ. ಒಂದನ್ನೂ ಮಾರಿರಲಿಲ್ಲ. ಜೆಸ್ಟೋರ್‌ನೋರು ನಮ್ಮ ಪಾಡಿಗೆ ನಾವು ರಾಜಿ ಆಗ್ತೀವಿ ಅಂತ ಹಿಂದೆ ಸರಿದ್ರೂ ಸರ್ಕಾರಿ ವಕೀಲರು ಬಿಡಲಿಲ್ಲ, ಆರೋಪದ ಮೇಲೆ ಆರೋಪ ಜಡಿದ್ರು, 2013ರ ಜನವರಿಯಲ್ಲಿ ಹುಡುಗ ಜೀವ ತಕ್ಕೊಂಡ, ಬರೀ 26 ವರ್ಷ. ಅವನ ತಕರಾರು ಇಷ್ಟೇ ಕಣ್ರೀ, ಜನರ ತೆರಿಗೆ ದುಡ್ಡಲ್ಲಿ ಸಂಶೋಧನೆ ನಡೆಯುತ್ತೆ, ಬರೆದ ಪ್ರೊಫೆಸರಿಗೆ ಜರ್ನಲ್‌ನಿಂದ ಕಾಸು ಬರಲ್ಲ, ಓದಬೇಕು ಅಂದ್ರೆ ಮಾತ್ರ ದುಡ್ಡು ಕಟ್ಟಬೇಕು, ಇದ್ಯಾವ ನ್ಯಾಯ?

ಇನ್ನು ಮಣ್ಣಿನ ಕತೆ. ಮಂಡ್ಯ ಜಿಲ್ಲೆಯವರಾಗಿ ನೀವು ಹಂಗಂದಿದ್ದು ನನಗೆ ನೋವಾಯ್ತು. 1992ರ ಡಿಸೆಂಬರಲ್ಲಿ, ಗ್ಯಾಟ್ ಅನ್ನೋ ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಕರಡಿನ ಗಲಾಟೆ ಕಾಲದಲ್ಲಿ, ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘದೋರು ಬೆಂಗಳೂರಿನ ಕಾರ್ಗಿಲ್ ಬೀಜದ ಕಂಪನಿ ಆಫೀಸಿಗೆ ನುಗ್ಗಿ ಫೈಲೆಲ್ಲ ಬೀದಿಗೆಸೆದು ಬೆಂಕಿ ಹಾಕಿದ್ರಲ್ಲ, ಹಸಿರು ಟವೆಲ್ ಹಾಕ್ಕೊಂಡು, ಮುಖ ಮುಚ್ಕೊಳ್ದೆ. ಅಪ್ಪ ಅಜ್ಜ ಎತ್ತಿಟ್ಟು ಕಾಪಾಡ್ಕೊಂಡು ಬಂದ ಬೀಜದ ಮೇಲೆ ಕಂಪನಿಗೆ ಯಾವ ಹಕ್ಕು ಅನ್ನೋದೇ ಅವ್ರ ಪ್ರಶ್ನೆ. ಈ ಹುಡುಗ್ರು ಕೇಳ್ತಿರೋದು ಅದನ್ನೇ ಅಲ್ವಾ?

ಹೋದ ವರ್ಷ ಮೈಸೂರಿನ ಒಂದು ಮೆಡಿಕಲ್ ಶಾಪಲ್ಲಿ ನಮ್ಮನೆಯವಳಿಗೆ ಶುಗರ್ ಮಾತ್ರೆ ತಗೊಂಡೆ. ಫೋನ್ ನಂಬರ್ ಕೊಡದೆ ಬಿಲ್ ಆಗಲ್ಲ ಸಾರ್ ಅಂದ ಹುಡುಗ, ಕೊಟ್ಟೆ. ವಾರದೊಳಗೆ ಯಾರೋ ಫೋನ್ ಮಾಡಿ "ಮೇಡಮ್‌ಗೆ ಶುಗರ್ ಎಷ್ಟಿದೆ ಸಾರ್, ನಮ್ಮತ್ರ ಪ್ಯಾಕೇಜ್ ಇದೆ" ಅಂದ್ರು. ಅವಳು ಕಾಯಿಲೆ ವಿಷಯ ತಂಗಿಗೂ ಹೇಳಿರಲಿಲ್ಲ. ಯಾರನ್ನ ಕಳ್ಳ ಅನ್ನಣ ಮೇಷ್ಟ್ರೇ?

ಇಂಥದ್ದನ್ನ ಸ್ಟೇಜ್ ಮೇಲೆ ತರೋರು ಎಷ್ಟು ಜನ ಇದಾರೆ ಹೇಳಿ. ನಾಟಕೋತ್ಸವ ಅಂದ್ರೆ ಸ್ಪಾನ್ಸರ್ ಬ್ಯಾನರ್ ಪರದೆಗಿಂತ ದೊಡ್ಡದಿರುತ್ತೆ, ಅದರ ಕೆಳಗೆ ನಿಂತು ಕಂಪನಿನ ಪ್ರಶ್ನೆ ಮಾಡೋಕೆ ಯಾರಿಗೆ ಧೈರ್ಯ ಬರುತ್ತೆ? ಈ ಹುಡುಗ್ರು ಲೈಟಿನ ಬಾಡಿಗೆಗೆ ತಲಾ ಇನ್ನೂರು ರೂಪಾಯಿ ಹಾಕ್ಕೊಂಡು ಆಡಿದ್ರು. ಈಗ ಮಂಡ್ಯದಲ್ಲಿ ಒಂದು ಶೋ ಮಾಡ್ಬೇಕು ಅಂತ ಹಾಲ್ ಹುಡುಕ್ತಿದ್ದಾರೆ. ನಿಮ್ಮ ಹಳೇ ಸ್ಕೂಲಿನ ಹಾಲ್ ಕೊಡಿಸ್ತೀರಾ ಮೇಷ್ಟ್ರೇ? ನಾಟಕ ಮುಗಿದ ಮೇಲೆ ನಿಮ್ಮ ನಾಲ್ಕು ಪುಟಾನೂ ಅವ್ರ ಮುಂದೇನೇ ಓದಿ, ಅವ್ರು ಏನ್ ಹೇಳ್ತಾರೋ ಕೇಳಣ, ನಾನೂ ಬರ್ತೀನಿ.

— ಸಂ.