ಅಮೆರಿಕದಲ್ಲಿ ಗರ್ಭನಿರೋಧಕ ಮಾತ್ರೆಗೆ ಇನ್ಶೂರೆನ್ಸ್ ದುಡ್ಡು ಕೊಡುತ್ತೆ, ಮಡಿಕೇರಿಯಲ್ಲಿ ನಮ್ಮ ಪಾಲಿಸಿ ಯಾಕೆ ಕೊಡಲ್ಲ?

ಅಲ್ಲಿ ಕಾನೂನು ಇದೆ, ಇಲ್ಲಿ ಇಲ್ಲ, ಅಷ್ಟೇ. ಒಬಾಮಾ ಕಾಲದ 2010ರ ಕಾಯ್ದೆಯಿಂದಾಗಿ 2012ರ ಆಗಸ್ಟ್‌ನಿಂದ ಅಲ್ಲಿನ ಹೆಚ್ಚಿನ ಪಾಲಿಸಿಗಳು ಡಾಕ್ಟರ್ ಬರೆದುಕೊಟ್ಟ ಮಾತ್ರೆ, ಕಾಪರ್-ಟಿಗೆಲ್ಲ ಪೂರ್ತಿ ದುಡ್ಡು ಕೊಡ್ಬೇಕು (ಕೆಲಸದವರಿಗೆ ಪಾಲಿಸಿ ಮಾಡಿಸೋ ಕೆಲವು ಕಂಪನಿ ಮಾಲೀಕರು ಧರ್ಮದ ಕಾರಣ ಹೇಳಿ ಇದನ್ನ ತಪ್ಪಿಸ್ಕೋಬಹುದು ಅಂತ 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳ್ತು, ಅದು ಬೇರೆ ಜಗಳ).

ಕಾನೂನೇ ಯಾಕೆ ಬೇಕು ಅಂದ್ರೆ, ಇನ್ಶೂರೆನ್ಸ್ ನಡೆಯೋದು ಯಾವಾಗ ಬರುತ್ತೋ ಗೊತ್ತಿಲ್ಲದ ಖರ್ಚಿನ ಮೇಲೆ, ಮಾತ್ರೆ ಆದ್ರೆ ತಿಂಗಳು ತಿಂಗಳು ಇದ್ದದ್ದೇ, ಒಂದು ಕಂಪನಿ ಮಾತ್ರ ತಾನಾಗೇ ಇದನ್ನ ಸೇರಿಸಿದ್ರೆ ಬೇಕಾದವರಷ್ಟೇ ಹುಡುಕ್ಕೊಂಡು ಬರ್ತಾರೆ, ಪ್ರೀಮಿಯಂ ಏರುತ್ತೆ, ಉಳಿದವರು ಜಾಗ ಖಾಲಿ ಮಾಡ್ತಾರೆ. ಎಲ್ಲಾ ಕಂಪನಿನೂ ಕೊಡ್ಲೇಬೇಕು ಅಂದ್ರೆ ಖರ್ಚು ಎಲ್ಲರ ಮೇಲೂ ಹಂಚಿಹೋಗುತ್ತೆ. ಹೆರಿಗೆ ಬಿಲ್ ಮುಂದೆ ಮಾತ್ರೆದು ಯಾವ ಲೆಕ್ಕ ಬಿಡಿ.

ನಿಮ್ಮ ಪಾಲಿಸಿಯಲ್ಲಿ ದುಡ್ಡು ಕೊಡದ ಖರ್ಚುಗಳ ಪಟ್ಟಿ ಇರುತ್ತಲ್ಲ, ಅದರ 17ನೇ ಕೋಡ್ ಓದಿ, ಗರ್ಭನಿರೋಧಕ ಯಾವುದಕ್ಕೂ ಇಲ್ಲ ಅಂತ ನೇರವಾಗೇ ಇದೆ. ಇಲ್ಲಿ ಸರ್ಕಾರ ಹಿಡಿದಿರೋ ದಾರಿನೇ ಬೇರೆ: ಮಾಲಾ-ಎನ್, ಛಾಯಾ ಮಾತ್ರೆ, ಕಾಪರ್-ಟಿ, 3 ತಿಂಗಳಿಗೊಮ್ಮೆ ಹಾಕೋ ಅಂತರಾ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೇಲಿ ಫ್ರೀ. ತೋಟದ ಲೈನ್‌ಮನೆಯಿಂದ ಮಳೆಗಾಲದಲ್ಲಿ ಪೇಟೆಗೆ ಬರೋಕಾಗದವರು ಮಾತ್ರೆಗೆ ಆಶಾ ಕಾರ್ಯಕರ್ತೆನ ಕೇಳಿ ನೋಡ್ಬೋದು.